ಕಾಲಂ ಬರೆಯುವವರು ಯಾರು? ವಾಮಂಜೂರಿನಿಂದ ನೋಡಿದ ಸರ್ವೆಯ ಚರಿತ್ರೆ



ಇದು ಉದ್ದದ ಪೋಸ್ಟ್. ಸರ್ವೆ, ನಕ್ಷೆ, ಡೇಟಾ ಅಂದ ಕೂಡಲೇ "ಅದು ಇಂಜಿನಿಯರುಗಳ ವಿಷಯ, ನಮಗೆಂತಕ್ಕೆ" ಅಂತ ಪಕ್ಕಕ್ಕೆ ಇಡಬೇಡಿ. ಡಿ.ಸಿ. ಮನ್ನಾ ಜಮೀನಿನ ಹೋರಾಟಕ್ಕೆ ಬಂದವರು, ಮನೆ ನಿವೇಶನಕ್ಕೆ ಅರ್ಜಿ ಹಾಕಿ ಕಾಯ್ತಾ ಇರುವವರು, ಪ್ಲಾಟಿಂಗ್ ಆಗದೆ ಒದ್ದಾಡ್ತಾ ಇರುವವರು ದಯವಿಟ್ಟು ಪೂರ್ತಿ ಓದಿ.

ಕೆಲವು ವರ್ಷಗಳ ಹಿಂದೆ ಒಂದು ಕಚೇರಿಗೆ ಹೋಗಿ, ಒಂದು ಸರ್ವೆ ನಂಬರಿನ ಬಗ್ಗೆ "ಇದು ಮೂಲದಲ್ಲಿ ಡಿ.ಸಿ. ಮನ್ನಾ ಅಲ್ವಾ, ನಿಮ್ಮ ಕಂಪ್ಯೂಟರಲ್ಲಿ ಹಾಗೆ ಯಾಕೆ ತೋರಿಸುವುದಿಲ್ಲ" ಅಂತ ಕೇಳಿದೆ. ಕುಳಿತಿದ್ದವರು ಒರಟಾಗಿ ಏನೂ ಮಾತಾಡಲಿಲ್ಲ, ಪಾಪ. "ಸಿಸ್ಟಮಲ್ಲಿ ಆ ಆಪ್ಷನ್ ಇಲ್ಲ" ಅಂದರು ಅಷ್ಟೇ. ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಜಮೀನು ಇದೆ, ಹಳೆಯ ದಾಖಲೆ ಇದೆ, ಕಾನೂನು ಇದೆ. ಆದರೆ ಅದನ್ನು ತುಂಬಿಸುವ ಕಾಲಂ ಇಲ್ಲ. ಕಾಲಂ ಇಲ್ಲದಿದ್ದರೆ ಗುಮಾಸ್ತ ಎಷ್ಟೇ ಒಳ್ಳೆಯವನಾದರೂ ಏನು ತುಂಬಿಸಬೇಕು? ಹಾಗಾದರೆ ಈ ಕಾಲಂಗಳನ್ನು ನಿರ್ಧಾರ ಮಾಡಿದವರು ಯಾರು, ಯಾವಾಗ ಮಾಡಿದರು ಅಂತ ಹುಡುಕಿದೆ. ಹುಡುಕ್ತಾ ಹೋದರೆ ಅದು ಇನ್ನೂರು ವರ್ಷದ ಕಥೆ.

ನಾನಿರುವುದು ವಾಮಂಜೂರಿನಲ್ಲಿ. ಊರು ಗೊತ್ತಿಲ್ಲದವರಿಗೆ ಹೇಳುವುದಾದರೆ, ಮಂಗಳೂರಿನಿಂದ ಮೂಡುಬಿದಿರೆ, ಕಾರ್ಕಳದ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 169ರಲ್ಲಿ ಕುಲಶೇಖರ, ಕುಡುಪು ದಾಟಿದ ಮೇಲೆ ಸಿಗುವ ಜಾಗ. ದಾಖಲೆಯಲ್ಲಿ ತಿರುವೈಲು ಗ್ರಾಮ, ಈಗ ಮಹಾನಗರ ಪಾಲಿಕೆಯ ವಾರ್ಡು. ಒಂದು ಕಡೆ ಪಚ್ಚನಾಡಿ, ಇನ್ನೊಂದು ಕಡೆ ಪಿಲಿಕುಳ ಇರುವ ಮೂಡುಶೆಡ್ಡೆ. ಬೈಲು, ಮಜಲು, ಬೆಟ್ಟು ಅಂತ ಗದ್ದೆಗಳಿದ್ದ ಊರು. ಗದ್ದೆ ಇದ್ದವರು ತಗ್ಗಿನಲ್ಲಿ, ನೀರಿನ ಹತ್ತಿರ. ನಮ್ಮವರು ಮೇಲೆ, ಪದವಿನಲ್ಲಿ, ಗುಡ್ಡೆಯಲ್ಲಿ, ಮುರಕಲ್ಲಿನ ಮೇಲೆ. ಆಗ ಆ ಗುಡ್ಡೆ ಯಾರಿಗೂ ಬೇಡದ ಜಾಗ. ಈಗ ಕಾಲೇಜು ಬಂತು, ಫ್ಲ್ಯಾಟು ಬಂತು, ಬಿಕರ್ನಕಟ್ಟೆಯಿಂದ ಸಾಣೂರಿನ ತನಕ ರಸ್ತೆ ಚತುಷ್ಪಥ ಆಗ್ತಾ ಉಂಟು. ಗುಡ್ಡೆಯ ಒಂದೊಂದು ಸೆಂಟ್ಸಿಗೂ ಈಗ ರೇಟು ಉಂಟು. ಹಾಗಾಗಿ ಗಡಿ ಎಲ್ಲಿ, ಅದನ್ನು ಹೇಳುವವರು ಯಾರು ಅನ್ನುವ ಪ್ರಶ್ನೆಗೂ ಈಗ ಬೆಲೆ ಬಂದಿದೆ.

*ಗಡಿ ಗೊತ್ತಿದ್ದವನು*

ಹಳೇ ಮೈಸೂರು ಸೀಮೆಯ ಒಂದು ವಿಷಯ ಮೊದಲು ಹೇಳ್ತೇನೆ. 1873ರಲ್ಲಿ ಕ್ಯಾಪ್ಟನ್ ಮೆಕೆಂಜಿ ಎಂಬ ಬ್ರಿಟಿಷ್ ಅಧಿಕಾರಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಕುಳವಾಡಿಗಳ ಬಗ್ಗೆ ಬರೆದಿದ್ದಾನೆ. ಕುಳವಾಡಿ ಅಂದರೆ ನಮ್ಮವನೇ, ಊರ ಚಾಕರಿಯ ಹೊಲೆಯ. ಎರಡು ಊರಿನ ಗಡಿಗೆ ಜಗಳ ಬಂದರೆ ಕೊನೆಯ ಮಾತು ಅವನದ್ದು. ಊರಿನ ಮಣ್ಣಿನ ಉಂಡೆ ಮಾಡಿ, ನಡುವೆ ನೀರು ಹಾಕಿ, ತಲೆಯ ಮೇಲೆ ಹೊತ್ತು ಅವನು ಗಡಿಯ ಮೇಲೆ ನಡೆಯಬೇಕು. ಗಡಿ ತಪ್ಪಿದರೆ ಉಂಡೆ ತಾನಾಗಿ ಒಡೆಯುತ್ತದೆ, ಅವನು ಹದಿನೈದು ದಿನದಲ್ಲಿ ಸಾಯುತ್ತಾನೆ, ಅವನ ಮನೆ ಹಾಳಾಗುತ್ತದೆ ಎಂದು ನಂಬಿಕೆ.

ಈ ಕಥೆಯನ್ನು ಕೇಳಿ ಹೆಮ್ಮೆ ಪಡುವವರು ಇದ್ದಾರೆ. ನನಗೆ ಹೆಮ್ಮೆಗಿಂತ ಸಿಟ್ಟೇ ಜಾಸ್ತಿ. ಊರಿನ ಪ್ರತಿ ಗಡಿಕಲ್ಲು ಗೊತ್ತಿದ್ದವನು ಇವನು. ತಪ್ಪಿದರೆ ಸಾಯಬೇಕಾದವನೂ ಇವನೇ. ಆದರೆ ಆ ಗಡಿಯೊಳಗೆ ಅವನ ಹೆಸರಿನಲ್ಲಿ ಒಂದು ತುಂಡು ಭೂಮಿಯೂ ಬರೆದಿಲ್ಲ. ಅವನ ತಿಳಿವಳಿಕೆ ಊರಿಗೆ ಬೇಕಿತ್ತು, ಅವನ ಹಕ್ಕು ಬೇಡವಾಗಿತ್ತು. ಮುಂದೆ ಬಂದ ಎಲ್ಲಾ ಸರ್ವೆಗಳಲ್ಲೂ ಇದೇ ನಡೆದಿದೆ.

*ಒಂದು ಎಲೆ, ಒಂದು ಹೆಸರು*

ನಮ್ಮ ಜಿಲ್ಲೆಗೆ ಬರೋಣ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೆನರಾ ಕಂಪೆನಿಯ ಕೈಗೆ ಬಂತು. ಮೊದಲ ಕಲೆಕ್ಟರ್ ಥಾಮಸ್ ಮನ್ರೋ. ಅವನಿಗೆ ಬೇಕಿದ್ದದ್ದು ಒಂದೇ ಉತ್ತರ: ಕಂದಾಯ ಯಾರು ಕಟ್ಟುತ್ತಾರೆ? ಆಗ ಇಲ್ಲಿ ಭೂಮಿಯ ಲೆಕ್ಕ ಇದ್ದದ್ದು ‘ವರ್ಗ’ದಲ್ಲಿ. ವರ್ಗ ಅಂದರೆ ಲೆಕ್ಕದ ಪುಸ್ತಕದ ಎಲೆ. ಒಂದು ಎಲೆ, ಒಬ್ಬ ವರ್ಗದಾರ, ಇಷ್ಟು ಕಂದಾಯ. ವಿಸ್ತೀರ್ಣ ಹೇಳುತ್ತಿದ್ದದ್ದು ಎಷ್ಟು ಮುಡಿ ಬೀಜ ಬಿತ್ತುವ ಗದ್ದೆ ಎಂಬ ಲೆಕ್ಕದಲ್ಲಿ. ಆ ಎಲೆಯಲ್ಲಿ ಬಿತ್ತಿದವನಿಗೆ, ಉತ್ತವನಿಗೆ, ನೇಜಿ ನೆಟ್ಟವಳಿಗೆ ಜಾಗ ಇರಲಿಲ್ಲ.

ನಮ್ಮ ಹಿರಿಯರು ದಾಖಲೆಯಲ್ಲಿ ಇರಲೇ ಇಲ್ಲ ಅಂತಲ್ಲ. ‘ಮೂಲದ ಹೊಲೆಯರು’ ಅಂತ ಇದ್ದರು. ಭೂಮಿಯ ಜೊತೆ ಕೊಡುವ, ತೆಗೆದುಕೊಳ್ಳುವ, ಅಡವು ಇಡುವ ಆಳುಗಳಾಗಿ ಇದ್ದರು. ಇಂಡಿಯನ್ ಸ್ಲೇವರಿ ಆಕ್ಟ್ ಬಂದದ್ದು 1843ರಲ್ಲಿ. ಅಲ್ಲಿಯ ತನಕ ಗದ್ದೆ, ಎತ್ತು, ಆಳು ಎಲ್ಲವೂ ಒಂದೇ ಪಟ್ಟಿಯಲ್ಲಿ ಬರಬಹುದಾಗಿತ್ತು. ಕಾನೂನು ಬಂದ ಮೇಲೆ ನಮ್ಮವರು ಆಸ್ತಿಯ ಪಟ್ಟಿಯಿಂದ ಹೊರಗೆ ಬಂದರು. ಮಾಲೀಕರ ಪಟ್ಟಿಯೊಳಗೆ ಮಾತ್ರ ಹೋಗಲಿಲ್ಲ.

ಅದೇ ಶತಮಾನದ ಆರಂಭದಲ್ಲಿ ವಿಲಿಯಂ ಲ್ಯಾಂಬ್ಟನ್ ಮದ್ರಾಸಿನಿಂದ ಮಂಗಳೂರಿನವರೆಗೆ ತ್ರಿಕೋನ ಕಟ್ಟುತ್ತಾ ಅಳೆದುಕೊಂಡು ಬಂದ. 400 ಮೈಲಿ ಅಂದುಕೊಂಡಿದ್ದ ಅಗಲ ಸುಮಾರು 360 ಮೈಲಿ ಅಂತ ಗೊತ್ತಾಯಿತು. ನಕ್ಷೆಯಲ್ಲಿದ್ದ 40 ಮೈಲಿಯ ತಪ್ಪು ಹಿಡಿಯುವಷ್ಟು ಸೂಕ್ಷ್ಮವಾದ ಅಳತೆ! ಅದೇ ಸರ್ಕಾರಕ್ಕೆ ಗುಡ್ಡೆಯ ಮೇಲಿನ ನಮ್ಮ ಗುಡಿಸಲು ಕಾಣಲಿಲ್ಲ. ಅದನ್ನು ನೋಡಿ ಬರೆಯಿರಿ ಅಂತ ಯಾರೂ ಹೇಳಿರಲಿಲ್ಲ.

*ಸರಪಳಿ ಬಂತು, ಸೆಂಟ್ಸ್ ಬಂತು*

19ನೇ ಶತಮಾನದ ಕೊನೆಗೆ ದಕ್ಷಿಣ ಕನ್ನಡದಲ್ಲಿ ಮದ್ರಾಸ್ ಪದ್ಧತಿಯ ಸರ್ವೆ ನಡೆಯಿತು. ನಾವು ಇವತ್ತಿಗೂ ಅರ್ಜಿ ಹಾಕಿ ತೆಗೆಸುವ ಎಫ್‌ಎಂಬಿ ಸ್ಕೆಚ್ಚು ಅದರ ಕೂಸು. 66 ಅಡಿಯ ಗಂಟರ್ ಸರಪಳಿ, ಅದರಲ್ಲಿ 100 ಕೊಂಡಿ. ಹತ್ತು ಚದರ ಸರಪಳಿ ಅಂದರೆ ಒಂದು ಎಕರೆ, ಅದರ ನೂರನೇ ಒಂದು ಪಾಲು ಒಂದು ಸೆಂಟ್ಸ್, 435.6 ಚದರ ಅಡಿ. ಘಟ್ಟದ ಮೇಲೆ ಬೇರೆ ಲೆಕ್ಕ: 33 ಅಡಿಯ ಸರಪಳಿ, 1089 ಚದರ ಅಡಿಯ ಗುಂಟೆ, 40 ಗುಂಟೆಗೆ ಒಂದು ಎಕರೆ. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದಾಗ ಈ ಎರಡು ಲೆಕ್ಕಗಳು ಒಂದೇ ರಾಜ್ಯದೊಳಗೆ ಬಂದವು.

ಡೇಟಾದ ಮೊದಲ ಪಾಠ ಇಲ್ಲೇ ಉಂಟು. ದಾಖಲೆಯಲ್ಲಿ "2-20" ಅಂತ ಬರೆದಿದೆ ಅಂತಿಟ್ಟುಕೊಳ್ಳಿ. ಅದು ಗುಂಟೆಯಾದರೆ ಎರಡೂವರೆ ಎಕರೆ. ಸೆಂಟ್ಸ್ ಆದರೆ 2.20 ಎಕರೆ. ವ್ಯತ್ಯಾಸ 30 ಸೆಂಟ್ಸ್, ಅಂದರೆ ಐದೈದು ಸೆಂಟ್ಸಿನ ಆರು ಮನೆ. ಸಂಖ್ಯೆ ಜೊತೆ ಅಳತೆಯ ಹೆಸರು ಬರೆಯದಿದ್ದರೆ ಆ ಸಂಖ್ಯೆಗೆ ಅರ್ಥವೇ ಇಲ್ಲ.

ಆ ಸರ್ವೆ ಏನನ್ನು ದಾಖಲಿಸಿತು? ನಂಜ, ಪುಂಜ, ಬಾಗಾಯ್ತು ಅಂತ ಭೂಮಿಯ ತರ. ತೀರ್ವೆ ಎಷ್ಟು. ಪಟ್ಟಾ ಯಾರದ್ದು. ಉಳಿದದ್ದು ಪರಂಬೋಕು, ಸರ್ಕಾರಿ ಪಾಳು. ವರ್ಗದಾರರಿಗೆ ಪಕ್ಕದ ಸರ್ಕಾರಿ ಜಾಗದಲ್ಲಿ ಸೊಪ್ಪು, ಹುಲ್ಲು, ಕಟ್ಟಿಗೆ ತೆಗೆಯುವ ‘ಕುಮ್ಕಿ’ ಸವಲತ್ತು. ಗಮನಿಸಿ: ಉಳ್ಳವನಿಗೆ ತನ್ನ ಜಮೀನಿನ ಆಚೆಗಿನ ಸರ್ಕಾರಿ ಜಾಗದ ಮೇಲೂ ಹೆಸರಿರುವ ಒಂದು ಹಕ್ಕು ಸಿಕ್ಕಿತು. ಮುಂದೆ 1964ರ ಭೂಕಂದಾಯ ಕಾಯ್ದೆಯ 79ನೇ ಕಲಮಿನಲ್ಲಿ ಅದು ಗಟ್ಟಿಯಾಗಿ ಕೂತಿತು. ಅದೇ ಸರ್ಕಾರಿ ಜಾಗದಲ್ಲಿ ತಲೆತಲಾಂತರದಿಂದ ಗುಡಿಸಲು ಕಟ್ಟಿಕೊಂಡಿದ್ದವರಿಗೆ ಸಿಕ್ಕಿದ ಹೆಸರು ‘ಒತ್ತುವರಿದಾರ’.

*ಡಿ.ಸಿ. ಮನ್ನಾ: ಕಾದಿರಿಸಿದ ಭೂಮಿ, ಕಾಣದ ಭೂಮಿ*

ಮದ್ರಾಸ್ ಪ್ರಾಂತ್ಯದಲ್ಲಿ ಒಂದು ತಿರುವು ಬಂದದ್ದು 1891ರಲ್ಲಿ. ಚೆಂಗಲ್ಪಟ್ಟಿನ ಕಲೆಕ್ಟರ್ ಟ್ರೆಮೆನ್‌ಹೀರ್ ಅಲ್ಲಿನ ಪರೆಯರ ಸ್ಥಿತಿಯ ಬಗ್ಗೆ ವರದಿ ಬರೆದ. ಇವರ ಬಡತನಕ್ಕೆ ಮೂಲ ಭೂಮಿ ಇಲ್ಲದಿರುವುದು ಅಂತ ಹೇಳಿದ. 1892ರ ಸೆಪ್ಟೆಂಬರ್ 30ರಂದು ಸರ್ಕಾರದ ಆದೇಶವೂ ಬಂತು. ಮುಂದೆ ಪ್ರಾಂತ್ಯದಲ್ಲಿ ‘ಡಿಪ್ರೆಸ್ಡ್ ಕ್ಲಾಸ್’ ಜನರಿಗೆ ಷರತ್ತಿನ ಮೇಲೆ ಜಮೀನು ಕೊಡುವ ಪದ್ಧತಿ ಬೆಳೆಯಿತು: ಹತ್ತು ವರ್ಷ ಮಾರುವಂತಿಲ್ಲ, ಆಮೇಲೆ ಮಾರಿದರೂ ಅದೇ ವರ್ಗದವರಿಗೆ ಮಾತ್ರ. ತಮಿಳುನಾಡಿನಲ್ಲಿ ಇದಕ್ಕೆ ಪಂಚಮಿ ಭೂಮಿ ಅಂತಾರೆ. ಮದ್ರಾಸ್ ಪ್ರಾಂತ್ಯಕ್ಕೇ ಸೇರಿದ್ದ ನಮ್ಮ ಜಿಲ್ಲೆಯಲ್ಲಿ, ಅಂದರೆ ಇಂದಿನ ದಕ್ಷಿಣ ಕನ್ನಡ ಮತ್ತು ಉಡುಪಿಯಲ್ಲಿ, ‘ಡಿಪ್ರೆಸ್ಡ್ ಕ್ಲಾಸ್’ಗೆ ಕಾದಿರಿಸಿದ ಜಮೀನಿಗೆ ‘ಡಿ.ಸಿ. ಮನ್ನಾ’ ಅಂತ ಹೆಸರು. ಈಗಿನ ಹುಡುಗರು ‘ಡಿ.ಸಿ.’ ಅಂದರೆ ಜಿಲ್ಲಾಧಿಕಾರಿ ಅಂತ ತಿಳಿದುಕೊಂಡಿದ್ದಾರೆ. ಅಲ್ಲ. ಆ ಎರಡು ಅಕ್ಷರ ನಾವು. 1897ರಲ್ಲಿ ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ಕಟ್ಟಿದ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ನಿನ ಹೆಸರಿನಲ್ಲಿ ಇರುವುದೂ ಇದೇ ಪದ.

ಈ ಜಮೀನು ಎಲ್ಲಿ ಹೋಯಿತು? ನಾನು ನೋಡಿದ ಹಳೆಯ ಅಡಂಗಲ್ ಪ್ರತಿಗಳಲ್ಲಿ ಇದು ಇರುವುದು ಷರಾ ಬರೆಯುವ ಜಾಗದಲ್ಲಿ, ಸಣ್ಣ ಅಕ್ಷರದಲ್ಲಿ. ಉಳಿದ ಕಾಲಂ ಎಲ್ಲಾ ಸಾಮಾನ್ಯ ಸರ್ಕಾರಿ ಭೂಮಿಯ ಹಾಗೆಯೇ. ಪುಸ್ತಕದಿಂದ ಪುಸ್ತಕಕ್ಕೆ ನಕಲು ಮಾಡುವಾಗ ಮೊದಲು ಬಿಟ್ಟುಹೋಗುವುದು ಷರಾ. ಕಾಲಂ ಖಾಲಿ ಬಿಟ್ಟರೆ ಮೇಲಿನವರು ಕೇಳುತ್ತಾರೆ. ಷರಾ ಬಿಟ್ಟರೆ ಯಾರೂ ಕೇಳುವುದಿಲ್ಲ. ಷರಾ ಹೋದ ಮೇಲೆ ಉಳಿಯುವುದು ಬರೀ ‘ಸರ್ಕಾರಿ’ ಭೂಮಿ. ‘ಸರ್ಕಾರಿ’ ಅಂದ ಮೇಲೆ ಅದನ್ನು ಯಾವ ಉದ್ದೇಶಕ್ಕೂ, ಯಾರಿಗೂ ಕೊಡಬಹುದು. ಎಷ್ಟೋ ಕಡೆ ಯಾರೂ ಕಳ್ಳತನ ಮಾಡಬೇಕಾಗಿಯೂ ಇರಲಿಲ್ಲ. ಒಂದು ಷರಾ ಬಿಟ್ಟುಹೋದರೆ ಸಾಕಿತ್ತು.

ಇದಕ್ಕೆ ಪಕ್ಕದ ರಾಜ್ಯದವರು ಕೊಟ್ಟ ಬೆಲೆ ಮರೆಯಬೇಡಿ. 1994ರಲ್ಲಿ ಚೆಂಗಲ್ಪಟ್ಟಿನ ಕಾರಣೈಯಲ್ಲಿ ಪಂಚಮಿ ಭೂಮಿ ವಾಪಸ್ ಕೇಳಿದ ಹೋರಾಟದಲ್ಲಿ ಪೊಲೀಸರ ಗುಂಡಿಗೆ ಇಬ್ಬರು ದಲಿತರು ಸತ್ತರು. ನೂರು ವರ್ಷ ಹಳೆಯ ಒಂದು ದಾಖಲೆಗಾಗಿ ಹೋದ ಜೀವಗಳು ಅವು.

*ಕಾನೂನು ಬಂತು, ದಾಖಲೆ ಬರಲಿಲ್ಲ*

1974ರ ಭೂಸುಧಾರಣೆ ಕರಾವಳಿಯನ್ನು ನಿಜವಾಗಿ ಬದಲಾಯಿಸಿತು. ಡಿಕ್ಲರೇಷನ್ ಹಾಕಿದ ಗೇಣಿದಾರ ಒಡೆಯನಾದ. ಅದನ್ನು ನಾನು ಸಣ್ಣದು ಮಾಡುವುದಿಲ್ಲ. ಆದರೆ ಡಿಕ್ಲರೇಷನ್ ಹಾಕಲು ಮೊದಲು ಗೇಣಿದಾರನಾಗಿರಬೇಕು. ನಮ್ಮವರಲ್ಲಿ ಹೆಚ್ಚಿನವರು ಗೇಣಿದಾರರಲ್ಲ, ಗೇಣಿದಾರನ ಗದ್ದೆಯ ಆಳುಗಳು. ಆ ಫಾರಮ್ಮಿನಲ್ಲಿ ‘ಆಳು’ ಎಂಬ ಕಾಲಂ ಇರಲಿಲ್ಲ.

1978ರಲ್ಲಿ ಪಿಟಿಸಿಎಲ್ ಕಾಯ್ದೆ ಬಂತು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಷರತ್ತು ಮುರಿದು ಕೊಂಡವನಿಂದ ವಾಪಸ್ ಕೊಡಿಸುವ ಕಾಯ್ದೆ. 2017ರಲ್ಲಿ ಸುಪ್ರೀಂ ಕೋರ್ಟು ‘ಸಮಂಜಸ ಕಾಲಾವಧಿಯೊಳಗೆ ಬರಬೇಕು’ ಅಂದಾಗ ಸಾವಿರಾರು ಮನೆಯಲ್ಲಿ ಕತ್ತಲೆ ಕವಿಯಿತು. ಹೋರಾಟ ಮಾಡಿ 2023ರಲ್ಲಿ ತಿದ್ದುಪಡಿ ಮಾಡಿಸಿದೆವು, ಕಾಲಮಿತಿ ಇಲ್ಲ ಅಂತಾಯಿತು. ಸರಿ. ಆದರೆ ಕೇಸು ನಿಲ್ಲುವುದು ಮಂಜೂರಾತಿ ಆದೇಶದ ಮೇಲೆ, ಸಾಗುವಳಿ ಚೀಟಿಯ ಮೇಲೆ, ಅದರಲ್ಲಿನ ಷರತ್ತಿನ ಮೇಲೆ. ಅದರ ಮೂಲ ಪ್ರತಿ ಸಿಗದಿದ್ದರೆ ಕಾಯ್ದೆ ಎಷ್ಟು ಬಲವಾಗಿದ್ದರೇನು?

*ಕಂಪ್ಯೂಟರಿನ ಕಾಲ*

2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂತು. ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಶಾನುಭೋಗರ ಕೈಯ ಪುಸ್ತಕದಿಂದ ದಾಖಲೆ ಹೊರಗೆ ಬಂದದ್ದು ನಮಗೂ ಒಳ್ಳೆಯದೇ. ಆದರೆ ಹೋದದ್ದು ಅಕ್ಷರ ಮಾತ್ರ, ನಕ್ಷೆ ಅಲ್ಲ. ಹೋದ ಅಕ್ಷರವೂ ಆ ದಿನದ ಪಹಣಿಯಲ್ಲಿ ಇದ್ದದ್ದು ಮಾತ್ರ. ಅದಕ್ಕಿಂತ ಮೊದಲೇ ಬಿಟ್ಟುಹೋದ ಷರಾ, ಬಿಟ್ಟದ್ದಾಗಿಯೇ ಗಟ್ಟಿಯಾಯಿತು. ಬೆಂಗಳೂರಿನ ಹೊರವಲಯ ನೋಡಿ ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲೇ ಎಚ್ಚರಿಸಿದ್ದರು, ಈ ವ್ಯವಸ್ಥೆಯಲ್ಲಿ ದೊಡ್ಡ ಭೂ ವ್ಯವಹಾರಸ್ಥರಿಗೆ ಸಿಗುವ ಅನುಕೂಲ ಸಣ್ಣವರಿಗೆ ಸಿಗುವುದಿಲ್ಲ ಅಂತ.

ಆಮೇಲೆ ಮೋಜಿಣಿ ಬಂತು, ಮಂಗಳೂರು ನಗರಕ್ಕೆ ಯುಪಿಒಆರ್ ಮತ್ತು ಪಿ.ಆರ್. ಕಾರ್ಡು ಬಂತು, ಮೊಬೈಲಿಗೆ ದಿಶಾಂಕ್ ಬಂತು. 2020ರಲ್ಲಿ ಹಳ್ಳಿಯ ಮನೆಗಳನ್ನು ಡ್ರೋನಿನಿಂದ ಅಳೆಯುವ ಸ್ವಾಮಿತ್ವ, 2025ರ ಫೆಬ್ರವರಿಯಲ್ಲಿ ನಗರಗಳಿಗೆ ‘ನಕ್ಷಾ’ ಎಂಬ ಕೇಂದ್ರದ ಯೋಜನೆ. ಪ್ರತಿ ಜಮೀನು ತುಂಡಿಗೂ 14 ಅಂಕಿಯ ಭೂ-ಆಧಾರ್. 2021ರ ಫೆಬ್ರವರಿಯ ಹೊಸ ಮಾರ್ಗಸೂಚಿ ಬಂದ ಮೇಲೆ ಖಾಸಗಿ ಕಂಪೆನಿಗಳಿಗೂ ನಕ್ಷೆ ಕೆಲಸ ಸುಲಭವಾಗಿದೆ. ಇವೆಲ್ಲ ಸೇರುವುದು ಭೌಗೋಳಿಕ ಮಾಹಿತಿ ವ್ಯವಸ್ಥೆ, ಅಂದರೆ ಜಿಐಎಸ್ ಎಂಬ ಒಂದೇ ಕಡೆಗೆ.

ಜಿಐಎಸ್ ಅಂದರೆ ಎಂತ? ನಕ್ಷೆಯ ಪ್ರತಿ ತುಂಡಿನ ಹಿಂದೆ ಒಂದು ಪಟ್ಟಿ ಕಟ್ಟಿರುತ್ತಾರೆ. ತುಂಡನ್ನು ಒತ್ತಿದರೆ ಪಟ್ಟಿ ತೆರೆಯುತ್ತದೆ. ಪಟ್ಟಿಯಲ್ಲಿ ಎಷ್ಟು ಕಾಲಂ, ಯಾವ ಕಾಲಂ ಖಾಲಿ ಬಿಡುವಂತಿಲ್ಲ, ಗಡಿ ಎಷ್ಟು ನಿಖರ ಇರಬೇಕು, ಯಾವ ದಾಖಲೆಯಿಂದ ತುಂಬಿಸಬೇಕು ಅನ್ನುವುದನ್ನು ಸರ್ವೆಗೆ ಮೊದಲೇ ಒಂದು ಕಾಗದದಲ್ಲಿ ಬರೆಯುತ್ತಾರೆ. ಹೆಚ್ಚಾಗಿ ಅದು ಟೆಂಡರ್ ದಾಖಲೆಯ ಒಂದು ಭಾಗ. ಡ್ರೋನ್ ಹಾರುವಾಗ ಊರಿಗೆ ಊರೇ ನೋಡಲು ಬರುತ್ತದೆ. ಆ ಕಾಗದ ಬರೆಯುವಾಗ ನಮ್ಮಲ್ಲಿ ಒಬ್ಬರೂ ಅಲ್ಲಿ ಇರುವುದಿಲ್ಲ.

*ನಿಖರತೆಯ ಮೋಸ*

"ಹೊಸ ಸರ್ವೆ ಸೆಂಟಿಮೀಟರ್ ಲೆಕ್ಕದಲ್ಲಿ ನಿಖರ, ಇನ್ನು ಅನ್ಯಾಯ ಆಗುವುದಿಲ್ಲ" ಅಂತ ಹೇಳ್ತಾರೆ. ಸ್ವಲ್ಪ ಲೆಕ್ಕ ಮಾಡುವ. ರಾಜ್ಯದಲ್ಲಿ ಕಂಪ್ಯೂಟರಿಗೆ ಹಾಕಿದ ಗ್ರಾಮ ನಕ್ಷೆಗಳಲ್ಲಿ ಹೆಚ್ಚಿನವು 1:7920 ಪ್ರಮಾಣದವು, ಅಂದರೆ ಎಂಟು ಇಂಚಿಗೆ ಒಂದು ಮೈಲಿ. ಆ ನಕ್ಷೆಯಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಶಾಯಿಯ ಗೆರೆ ನೆಲದ ಮೇಲೆ ಸುಮಾರು 4 ಮೀಟರ್. ಐದು ಸೆಂಟ್ಸಿನ ಮನೆ ಜಾಗ ಚೌಕಾಕಾರ ಇದ್ದರೆ ಒಂದು ಬದಿ 14 ಮೀಟರ್ ಚಿಲ್ಲರೆ. ಒಂದು ಬದಿಯಲ್ಲಿ 4 ಮೀಟರ್ ಸರಿದರೆ ಸುಮಾರು 1.4 ಸೆಂಟ್ಸ್ ಹೋಯಿತು. ಹತ್ತು ಎಕರೆ ತೋಟದವನಿಗೆ ಇದು ಬೇಲಿಯ ಬುಡ. ಕಾಲನಿಯವನಿಗೆ ಅಡುಗೆಮನೆ. ಎಲ್ಲರಿಗೂ ಒಂದೇ ನಿಖರತೆ ಸಾಕು ಅನ್ನುವುದೇ ಸಮಾನತೆ ಅಲ್ಲ.

ಇನ್ನು ಎಫ್‌ಎಂಬಿಯಲ್ಲಿ ಅಕ್ಷಾಂಶ ರೇಖಾಂಶ ಇಲ್ಲ. ಕಲ್ಲಿನಿಂದ ಕಲ್ಲಿಗೆ ಉದ್ದ, ನಡುವಿನ ಗೆರೆಯಿಂದ ಅಡ್ಡ ಅಳತೆ, ಅಷ್ಟೇ. ಕಲ್ಲು ಹೋದರೆ ಸ್ಕೆಚ್ಚು ಗಾಳಿಯಲ್ಲಿ ತೇಲುತ್ತದೆ. ಅದನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸುವಾಗ ಯಾರೋ ಒಬ್ಬರು ಎಳೆದು, ತಿರುಗಿಸಿ, ಹೊಂದಿಸುತ್ತಾರೆ. ಹಳೆಯ ಭಾರತೀಯ ನಕ್ಷೆಗಳ ಎವರೆಸ್ಟ್ ಆಧಾರಕ್ಕೂ ಜಿಪಿಎಸ್‌ನ ಡಬ್ಲ್ಯೂಜಿಎಸ್-84 ಆಧಾರಕ್ಕೂ ನಮ್ಮ ಕಡೆ ನೂರು ಮೀಟರಿಗೂ ಹೆಚ್ಚಿನ ವ್ಯತ್ಯಾಸ ಬರುತ್ತದೆ. ಯಾವ ಆಧಾರ ಅಂತ ಬರೆಯದೆ ಒಂದರ ಮೇಲೊಂದು ಇಟ್ಟರೆ ಕಾಲನಿ ಪಕ್ಕದ ಗುಡ್ಡೆಗೆ ಹೋಗಿ ಕೂರುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದು. ಡ್ರೋನ್ ಅಳೆಯುವುದು ಇವತ್ತು ಬೇಲಿ ಎಲ್ಲಿದೆ ಅನ್ನುವುದನ್ನು. ಬೇಲಿ ಐವತ್ತು ವರ್ಷದಲ್ಲಿ ನಮ್ಮ ಕಡೆಗೆ ಎಷ್ಟು ನಡೆದು ಬಂದಿದೆ ಅಂತ ಮೇಲಿನಿಂದ ಕಾಣುವುದಿಲ್ಲ. ಒತ್ತುವರಿಯನ್ನು 5 ಸೆಂಟಿಮೀಟರ್ ನಿಖರತೆಯಲ್ಲಿ ಅಳೆದರೆ ಅದು ಅತ್ಯಂತ ನಿಖರವಾದ ಒತ್ತುವರಿ, ಅಷ್ಟೇ.

*ನಮ್ಮ ಕಾಲಂಗಳು*

ಹಾಗಾದರೆ ನಾವು ಏನು ಕೇಳಬೇಕು? ನನಗೆ ತಿಳಿದಷ್ಟು ಬರೆದಿದ್ದೇನೆ. ಚರ್ಚೆಯಾಗಲಿ, ಸೇರಿಸಿ, ತಿದ್ದಿ.

1. ಎರಡು ಗಡಿ. ಹಳೆಯ ದಾಖಲೆಯ ಗಡಿ ಒಂದು, ಇವತ್ತು ನೆಲದಲ್ಲಿ ಕಾಣುವ ಗಡಿ ಇನ್ನೊಂದು. ಎರಡನ್ನೂ ಬೇರೆ ಬೇರೆ ಇಡಬೇಕು. ಹೊಸದು ಹಳೆಯದನ್ನು ಒರೆಸಬಾರದು. ಎರಡರ ನಡುವಿನ ವ್ಯತ್ಯಾಸವೇ ನಮ್ಮ ಸಾಕ್ಷಿ.

2. ಮೂಲ ವರ್ಗೀಕರಣ. ಡಿ.ಸಿ. ಮನ್ನಾ, ಕುಮ್ಕಿ, ಪರಂಬೋಕು ಅಂತ ಮೊದಲು ಏನಿತ್ತು ಅನ್ನುವುದಕ್ಕೆ ಸ್ವಂತ ಕಾಲಂ. ಯಾವ ಪುಸ್ತಕ, ಯಾವ ವರ್ಷ ಅಂತ ಅದರ ಪಕ್ಕದಲ್ಲಿ. ಷರಾದಲ್ಲಿ ಬೇಡ.

3. ನಂಬರಿನ ವಂಶಾವಳಿ. ಹಳೆ ಸರ್ವೆ ನಂಬರು, ಒಡೆದ ಸಬ್ ಡಿವಿಷನ್ನು, ಕೂಡಿಸಿದ್ದು, ಹೊಸ 14 ಅಂಕಿ, ಎಲ್ಲವೂ ತಾರೀಕು ಸಮೇತ. ಅಜ್ಜನ ಚೀಟಿಯಲ್ಲಿರುವ ನಂಬರು ಹಾಕಿದರೆ ಇವತ್ತಿನ ತುಂಡು ತೆರೆಯಬೇಕು.

4. ಷರತ್ತು. ಮಂಜೂರಾತಿ ಆದೇಶದ ಸಂಖ್ಯೆ, ದಿನಾಂಕ, ಪರಭಾರೆ ನಿಷೇಧ. ಕಂಪ್ಯೂಟರಿಗೆ ಅರ್ಥವಾಗುವ ಹಾಗೆ ಇದ್ದರೆ ನೋಂದಣಿ ಮಾಡುವ ‘ಕಾವೇರಿ’ ತಂತ್ರಾಂಶ ಅಲ್ಲೇ ತಡೆಯಬಹುದು. ಮಾರಾಟವಾದ ಮೇಲೆ ಇಪ್ಪತ್ತು ವರ್ಷ ಕೋರ್ಟಿಗೆ ಅಲೆಯುವುದು ತಪ್ಪುತ್ತದೆ.

5. ಅಳತೆಯ ಜಾತಕ. ಸೆಂಟ್ಸೋ ಗುಂಟೆಯೋ, ಯಾವ ಆಧಾರ, ಯಾವ ಉಪಕರಣ, ಎಷ್ಟು ತಪ್ಪು ಸಾಧ್ಯ, ಯಾವ ದಿನ, ನೆರೆಯವರಿಗೆ ನೋಟಿಸು ಕೊಟ್ಟಿದ್ದರೋ ಇಲ್ಲವೋ.

6. ವಾಸ. ಕಾಗದ ಇಲ್ಲದಿದ್ದರೂ ಯಾರು ಎಷ್ಟು ಕಾಲದಿಂದ ಇದ್ದಾರೆ, 94ಸಿ, 94ಸಿಸಿ ಅರ್ಜಿ ಬಾಕಿ ಇದೆಯಾ. ಕೊರಗರ ಕೊಪ್ಪಗಳು ಮುಖ್ಯವಾಗಿ. ಮನೆಯ ಹೆಂಗಸಿನ ಹೆಸರೂ ಇರಬೇಕು.

7. ನಮ್ಮ ಬದುಕಿನ ಗುರುತುಗಳು. ಕಾಲುದಾರಿ, ಬಾವಿ, ಸ್ಮಶಾನ, ದೈವದ ಕಟ್ಟೆ. ಇವು ತುಂಡುಗಳಲ್ಲ, ಗೆರೆ ಮತ್ತು ಬಿಂದುಗಳು. ಜಮೀನಿನ ತುಂಡು ಮಾತ್ರ ಎಣಿಸುವ ನಕ್ಷೆಯಲ್ಲಿ ಇವು ಕಾಣುವುದೇ ಇಲ್ಲ. ಹೆಣ ಹೊತ್ತುಕೊಂಡು ಹೋಗುವ ದಾರಿಗೆ ಗೇಟು ಬಿದ್ದ ಮೇಲೆ ಯಾವ ಆ್ಯಪ್ ನೋಡಿದರೇನು?

8. ಯಾರು ನೋಡಬಹುದು. ಜಮೀನು ಡಿ.ಸಿ. ಮನ್ನಾ ಅಂತ ಇಡೀ ಲೋಕಕ್ಕೆ ಕಾಣಲಿ. ಆದರೆ ಯಾವ ಮನೆಯಲ್ಲಿ ಯಾವ ಜಾತಿ ಅಂತ ಎಲ್ಲರ ಮೊಬೈಲಿಗೂ ಕಾಣುವ ನಕ್ಷೆ ಬೇಡ. ಗಲಾಟೆಯ ದಿನ ಆ ನಕ್ಷೆ ಯಾರ ಕೈಗೆ ಹೋಗುತ್ತದೆ ಅಂತ ನಮಗೆ ಗೊತ್ತುಂಟು.

ಇದು ಆಗದ ಹೋಗದ ಬೇಡಿಕೆ ಅಂತ ಯಾರಾದರೂ ಹೇಳಿದರೆ ಐಎಸ್‌ಒ 19152 ನೋಡಿ ಅನ್ನಿ. ಭೂ ಆಡಳಿತದ ಡೇಟಾ ಹೇಗಿರಬೇಕು ಎಂಬ ಅಂತರರಾಷ್ಟ್ರೀಯ ಮಾನದಂಡ, 2012ರಲ್ಲಿ ಬಂದದ್ದು. ಅದರಲ್ಲಿ ವ್ಯಕ್ತಿ, ಹಕ್ಕು, ನಿರ್ಬಂಧ, ಹೊಣೆ, ಜಾಗದ ತುಂಡು, ಮೂಲ ದಾಖಲೆ ಎಲ್ಲಕ್ಕೂ ಬೇರೆ ಬೇರೆ ಸ್ಥಾನ ಇದೆ. ವಿಶ್ವಸಂಸ್ಥೆಯ ಹ್ಯಾಬಿಟಾಟ್ ಬೆಂಬಲದ ಇನ್ನೊಂದು ಮಾದರಿ, ‘ಸೋಷಿಯಲ್ ಟೆನ್ಯೂರ್ ಡೊಮೇನ್ ಮಾಡೆಲ್’, ಕಾಗದ ಇಲ್ಲದ ಬಡವರ ವಾಸವನ್ನೂ ದಾಖಲಿಸುವುದಕ್ಕೆಂದೇ ಮಾಡಿದ್ದು. ಅಂದರೆ ಆಪ್ಷನ್ ಇಡಲು ಸಾಧ್ಯ ಇದೆ, ಯಾರೂ ಕೇಳಿಲ್ಲ.

*ಈಗ ಮಾಡಬೇಕಾದ್ದು*

ಬಾಬಾಸಾಹೇಬರು 1928ರಲ್ಲಿ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಮಹಾರ್ ವತನದ ವಿರುದ್ಧ ಮಸೂದೆ ತಂದವರು. ಊರಚಾಕರಿಗೆ ಕೊಟ್ಟ ತುಂಡು ಭೂಮಿ ಹೇಗೆ ಸಂಕೋಲೆಯಾಗುತ್ತದೆ ಅಂತ ಕಾನೂನಿನ ಒಳಗೆ ಹೋಗಿ ತೋರಿಸಿದರು. ನಾವೂ ಒಳಗೆ ಹೋಗಬೇಕು.

ಒಂದು, ನಿಮ್ಮ ಗ್ರಾಮದ ಹಳೆಯ ಸೆಟ್ಲ್‌ಮೆಂಟ್ ರಿಜಿಸ್ಟರ್, ಅಡಂಗಲ್, ಎಫ್‌ಎಂಬಿಯ ದೃಢೀಕೃತ ಪ್ರತಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಹಳೆ ಕಡತ ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ ಕೆಲಸ ನಡೀತಾ ಉಂಟು, ಇದೇ ಹೊತ್ತು. ಎರಡು, ಯಾವುದೇ ಸರ್ವೆ ಟೆಂಡರ್ ಬಂದರೆ ಅದರ ಡೇಟಾ ಪಟ್ಟಿ ತೆಗೆಸಿ ಓದಿ. ಅರ್ಥವಾಗದಿದ್ದರೆ ನಮ್ಮದೇ ಇಂಜಿನಿಯರಿಂಗ್ ಓದುವ ಮಕ್ಕಳನ್ನು ಕೂರಿಸಿಕೊಳ್ಳಿ, ಈಗ ಪ್ರತಿ ಕಾಲನಿಯಲ್ಲೂ ಇದ್ದಾರೆ. ಮೂರು, ಕರಡು ನಕ್ಷೆ, ಕರಡು ಪಿ.ಆರ್. ಕಾರ್ಡಿಗೆ ಆಕ್ಷೇಪಣೆ ಹಾಕುವ ಅವಧಿ ತಪ್ಪಿಸಬೇಡಿ. ನಾಲ್ಕು, ಹಿರಿಯರನ್ನು ಕರೆದುಕೊಂಡು ಗಡಿ ನಡೆಯಿರಿ. ಕಲ್ಲು, ತೋಡು, ಮರ, ಹಳೆ ಬಾವಿ, ಎಲ್ಲಾ ಕಡೆ ಮೊಬೈಲಿನಲ್ಲಿ ಬಿಂದು ಹಾಕಿ, ಫೋಟೋ ತೆಗೆಯಿರಿ, ಅವರ ಮಾತು ರೆಕಾರ್ಡ್ ಮಾಡಿ. ಗಡಿ ನೋಡಿದ ಕಣ್ಣುಗಳು ಒಂದೊಂದಾಗಿ ಮುಚ್ಚುತ್ತಾ ಇವೆ.

2019ರ ಆಗಸ್ಟಿನಲ್ಲಿ ಪಚ್ಚನಾಡಿಯ ಕಸದ ರಾಶಿ ಜಾರಿ ಮಂದಾರದ ತೋಟ, ಮನೆಗಳ ಮೇಲೆ ಹೋದದ್ದು ನಮಗೆ ಇಲ್ಲಿಂದ ಕೂಗಳತೆಯ ದೂರ. ಅಂಥ ದಿನ ಪರಿಹಾರದ ಮೊದಲ ಪ್ರಶ್ನೆ "ನಿಮ್ಮ ದಾಖಲೆ ಏನಿದೆ" ಅಂತ. ರಸ್ತೆ ಅಗಲ ಮಾಡುವಾಗಲೂ ಅದೇ ಪ್ರಶ್ನೆ. ನಾಳೆ ಆ ಪ್ರಶ್ನೆಯನ್ನು ಮನುಷ್ಯ ಕೇಳುವುದೂ ಇಲ್ಲ, ನಕ್ಷೆಯ ಮೇಲೆ ಒಂದು ಬೆರಳು ಒತ್ತಿದರೆ ಉತ್ತರ ಬರುತ್ತದೆ. ಆ ಉತ್ತರದಲ್ಲಿ ನಾವು ಇರಬೇಕಾದರೆ, ಮುಂದಿನ ಸರ್ವೆಯ ಕಾಲಂ ಬರೆಯುವ ಮೇಜಿನಲ್ಲಿ ನಾವು ಕೂತಿರಬೇಕು.

ನಿಮ್ಮ ಊರಿನ ಡಿ.ಸಿ. ಮನ್ನಾ ಸರ್ವೆ ನಂಬರು ಗೊತ್ತಿದ್ದವರು ಇನ್‌ಬಾಕ್ಸಿಗೆ ಕಳಿಸಿ. ಜನರ ಹೆಸರು ಬೇಡ, ಗ್ರಾಮ ಮತ್ತು ನಂಬರು ಸಾಕು. ಒಂದು ಪಟ್ಟಿ ನಾವೇ ಶುರು ಮಾಡುವ.

ಜೈ ಭೀಮ್.